ತಾಳ ತಪ್ಪುವ ಎದೆ

ರಾತ್ರಿಯ ಊಟ ಮುಗಿಸಿ, ವೃತ್ತಪತ್ರಿಕೆಯ ಉಳಿದ ಪುಟವನ್ನು ಓದಿ, ದೀಪವಾರಿಸಿ ಎಡಮಗ್ಗುಲಿಗೆ ಮಲಗಿದ್ದ ರಾಯರಿಗೆ ಎದೆಯೊಳಗೆ ಏನೋ ಹೊರಳಿದಂತಾಯಿತು. ಕ್ಷಣಕಾಲ ನಿಶ್ಶಬ್ದ. ಅನಂತರ ಒಳಗಿನಿಂದ ಯಾರೋ ಬಾಗಿಲು ಗುದ್ದಿದಂತೆ ಒಂದು ಪೆಟ್ಟು. ಅಷ್ಟೇ. ಮತ್ತೆ ಎಲ್ಲವೂ ಮೊದಲಿನಂತೆ ನಡೆಯಿತು, ರಾಯರ ನಿದ್ರೆಯೊಂದನ್ನು ಬಿಟ್ಟು.

ರಾಯರ ಹೆಸರು ಇಲ್ಲಿ ಬೇಡ. ಇಂಥ ರಾಯರು ಬೀದಿಗೊಬ್ಬರಾದರೂ ಇರುತ್ತಾರೆ. ವಯಸ್ಸು ನಾಲ್ವತ್ತಾರು, ಮೈಸೂರಿನಲ್ಲಿ ಒಂದು ಕಚೇರಿಯಲ್ಲಿ ಕೆಲಸ, ಭಾನುವಾರ ಬೆಳಕು ಹರಿಯುವ ಮುನ್ನ ಮಗನನ್ನು ಎಬ್ಬಿಸಿಕೊಂಡು ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವುದು ಪದ್ಧತಿ. ಆ ರಾತ್ರಿಯಿಂದೀಚೆಗೆ ಅವರ ಬಲಗೈಯ ಮೂರು ಬೆರಳುಗಳಿಗೆ ಎಡಗೈಯ ಮಣಿಕಟ್ಟೇ ವಾಸಸ್ಥಾನವಾಯಿತು. ಕಚೇರಿಯಲ್ಲಿ ಕಡತದ ಮರೆಯಲ್ಲಿ, ಬಸ್ಸಿನಲ್ಲಿ, ಕೊನೆಗೆ ದೇವರ ಮುಂದೆ ಕೂಡ ಎಣಿಕೆ ನಡೆಯಿತು. ಹತ್ತು, ಹನ್ನೊಂದು, ಹನ್ನೆರಡು... ಹದಿಮೂರು ಎಲ್ಲಿ?

ಹೆಂಡತಿಯ ಬಲವಂತಕ್ಕೆ ವೈದ್ಯರಲ್ಲಿಗೆ ಹೋದುದೂ ಆಯಿತು. ಇಸಿಜಿ ತೆಗೆದರು, ಎಕೋ ಮಾಡಿದರು, ರಕ್ತ ಪರೀಕ್ಷಿಸಿದರು. 24 ಗಂಟೆಗಳ ಕಾಲ ಎದೆಗೆ ತಂತಿ ಅಂಟಿಸಿ ಹೋಲ್ಟರ್ ಯಂತ್ರವನ್ನು ಸೊಂಟಕ್ಕೆ ಕಟ್ಟಿ ಕಳುಹಿಸಿದರು. ಎಲ್ಲವನ್ನೂ ನೋಡಿ, “ಏನೂ ಇಲ್ಲ ರಾಯರೇ, ಧೈರ್ಯವಾಗಿರಿ” ಎಂದರು. ಆ ಮಾತಿನ ಬಲದ ಮೇಲೆ ರಾಯರು ಮೂರು ದಿನ ಸುಖವಾಗಿದ್ದರು. ನಾಲ್ಕನೆಯ ರಾತ್ರಿ ಎದೆ ಮತ್ತೆ ಹೊರಳಿತು. ಏನೂ ಇಲ್ಲವಾದರೆ ಇದೇನು? ಯಂತ್ರಕ್ಕೆ ಕಾಣದ್ದು ಉಂಟೋ? ವೈದ್ಯರು ಮನೆಯವರಿಗೆ ಮಾತ್ರ ಹೇಳಿ ತಮ್ಮಿಂದ ಮುಚ್ಚಿಟ್ಟರೋ?

ಸಮಾಧಾನಕ್ಕಾಗಿ ಆಡಿದ ಆ “ಏನೂ ಇಲ್ಲ” ಎಂಬ ಮಾತೇ ರಾಯರಿಗೆ ಕಂಟಕವಾಯಿತೆನ್ನಬೇಕು. ಇರುವುದನ್ನು ಇಲ್ಲವೆಂದರೆ ಅನುಭವಿಸಿದವನು ಹೇಗೆ ನಂಬಿಯಾನು? ಇದೆ, ಆದರೆ ನಿರಪಾಯಕರವಾದುದು ಇದೆ. ಈ ಎರಡು ಮಾತುಗಳ ನಡುವಣ ಅಂತರ ಸಣ್ಣದಲ್ಲ.

ರಾಯರ ಎಣಿಕೆಯಲ್ಲಿಯೂ ಒಂದು ತಪ್ಪಿತ್ತು. ಹದಿಮೂರನೆಯ ಬಡಿತ ತಪ್ಪಿರಲಿಲ್ಲ. ಹೊತ್ತಿಗೆ ಮೊದಲೇ ಬಂದು ಹೋಗಿತ್ತು. ಹೃದಯದ ಬಲಭಾಗದ ಮೇಲ್ಕೋಣೆಯಲ್ಲಿರುವ ಜೀವಕೋಶಗಳ ಪುಟ್ಟ ಗುಂಪೊಂದು ಹಗಲಿರುಳೂ ತಾಳ ಹಾಕುತ್ತಿರುತ್ತದೆ. ಉಳಿದ ಸ್ನಾಯು ಅದನ್ನು ಅನುಸರಿಸುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಡಿತ. ಇಷ್ಟರ ನಡುವೆ ಎಂದಾದರೂ ಸ್ನಾಯುವಿನ ಬೇರೊಂದು ಮೂಲೆ ತಾಳಕ್ಕೆ ಕಾಯದೆ ತಾನೇ ಮುಂದಾಗಿ ಒಂದು ಪೆಟ್ಟು ಹಾಕಿಬಿಡುವುದುಂಟು. ಆಗ ಕೋಣೆಗಳಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲವಾಗಿ ಆ ಪೆಟ್ಟು ಬಡವಾದುದು. ಅನೇಕ ವೇಳೆ ಮಣಿಕಟ್ಟಿನ ತನಕ ತಲಪುವುದೇ ಇಲ್ಲ. ಅದರ ಬೆನ್ನಿಗೆ ಸ್ನಾಯು ಸ್ವಲ್ಪ ಹೊತ್ತು ಯಾವ ಕರೆಗೂ ಓಗೊಡದ ಸ್ಥಿತಿಯಲ್ಲಿರುವುದರಿಂದ, ತಾಳದ ಸಹಜವಾದ ಪೆಟ್ಟು ವ್ಯರ್ಥವಾಗಿ ವಿರಾಮ ನೀಳವಾಗುತ್ತದೆ. ಆ ವಿರಾಮದಲ್ಲಿ ರಕ್ತ ಎಂದಿಗಿಂತ ಹೆಚ್ಚಾಗಿ ತುಂಬಿ, ಮುಂದಿನ ಬಡಿತ ಎಂದಿಗಿಂತ ಬಲವಾಗಿ ಬೀಳುತ್ತದೆ. ರಾಯರನ್ನು ಎಬ್ಬಿಸಿ ಕೂರಿಸಿದ ಪೆಟ್ಟು ಇದೇ. ಮೃದಂಗದವನು ಕೈತಪ್ಪಿ ಒಂದು ಪೆಟ್ಟನ್ನು ಮುಂಚೆ ಹಾಕಿ, ಮತ್ತೊಂದನ್ನು ಬಿಟ್ಟು, ಸಮಕ್ಕೆ ಸರಿಯಾಗಿ ಬಂದು ಕೂಡಿಕೊಂಡ ಹಾಗೆ. ಕಚೇರಿ ಅದರಿಂದ ನಿಂತುಹೋಗುವುದಿಲ್ಲ.

ರಾತ್ರಿಯಲ್ಲಿಯೇ ಏಕೆ ಎಂದು ಕೇಳಬಹುದು. ವಿಶ್ರಾಂತಿಯಲ್ಲಿ ತಾಳ ನಿಧಾನವಾದಾಗ ಇಂಥ ನಡುಪೆಟ್ಟಿಗೆ ಎಡೆ ಹೆಚ್ಚು. ಎಡಮಗ್ಗುಲಾದರೆ ಹೃದಯ ಎದೆಗೂಡಿನ ಗೋಡೆಗೆ ಹತ್ತಿರವಾಗುತ್ತದೆ. ಹಗಲಿನ ಗದ್ದಲವೂ ಇರುವುದಿಲ್ಲ.

ನಾಡಿಯ ಈ ತಪ್ಪುಗಳಲ್ಲಿ ಯಾವುದು ಅಪಾಯ, ಯಾವುದು ಅಲ್ಲ ಎಂಬುದನ್ನು ತಾಳ್ಮೆಯಿಂದ ಬಿಡಿಸಿದವರಲ್ಲಿ ಜೇಮ್ಸ್ ಮೆಕೆಂಜಿ ಮುಖ್ಯನಾದವನು. ಇಂಗ್ಲೆಂಡಿನ ಬರ್ನ್ಲಿ ಎಂಬ ಹತ್ತಿಗಿರಣಿಗಳ ಊರಿನಲ್ಲಿ 1879ರಿಂದ 1907ರ ತನಕ ಆತ ಸಾಮಾನ್ಯ ವೈದ್ಯನಾಗಿದ್ದ. ಮಣಿಕಟ್ಟಿನ ನಾಡಿಯನ್ನೂ ಕತ್ತಿನ ರಕ್ತನಾಳದ ಮಿಡಿತವನ್ನೂ ಒಂದೇ ಕಾಗದದ ಮೇಲೆ ಜೊತೆಜೊತೆಯಾಗಿ ಬರೆಯುವ ಯಂತ್ರವೊಂದನ್ನು ಗಡಿಯಾರದ ಕೆಲಸಗಾರನೊಬ್ಬನಿಂದ ಮಾಡಿಸಿಕೊಂಡು, ತನ್ನ ಊರಿನ ಜನರ ಎದೆಯ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟ. ದೊಡ್ಡ ಆಸ್ಪತ್ರೆಯ ಪಂಡಿತನಾಗಿರದಿದ್ದುದೇ ಅವನಿಗೆ ಅನುಕೂಲವಾಯಿತು. ಆಸ್ಪತ್ರೆಯ ವೈದ್ಯ ರೋಗಿಯನ್ನು ಕೆಲವು ವಾರ ಕಂಡರೆ, ಊರ ವೈದ್ಯ ಇಪ್ಪತ್ತು ವರ್ಷ ಕಾಣುತ್ತಾನೆ. ನಾಡಿ ತಪ್ಪಿತೆಂದು ಭಯಪಟ್ಟವರಲ್ಲಿ ಎಷ್ಟೋ ಜನ ಗಟ್ಟಿಮುಟ್ಟಾಗಿ ದುಡಿಯುತ್ತ ಬಾಳಿದುದನ್ನು ಮೆಕೆಂಜಿ ಕಣ್ಣಾರೆ ಕಂಡ. ನಾಡಿಯನ್ನು ಕುರಿತ ಆತನ ದೊಡ್ಡ ಗ್ರಂಥ 1902ರಲ್ಲಿ ಹೊರಬಂತು. ಹೃದಯದಲ್ಲಿ ಬೇರೆ ದೋಷವಿಲ್ಲದಿರುವಾಗ ಇಂಥ ಬಡಿತಗಳಿಗಾಗಿ ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕಬಾರದೆಂದು ಆತ ಬೋಧಿಸಿದ.

ಮುಂದೆ ಅಮೆರಿಕದ ನಾರ್ಮನ್ ಹೋಲ್ಟರ್, ಹೊತ್ತು ನಡೆಯಬಹುದಾದ ಹೃದಯಲೇಖನ ಯಂತ್ರವನ್ನು ನಿರ್ಮಿಸಿದ. ಮೊದಲಿನದು 38 ಕಿಲೋಗ್ರಾಂ ತೂಗುವ ಬೆನ್ನಹೊರೆ. ಅದೇ ಇಳಿದು ಇಳಿದು ರಾಯರ ಸೊಂಟಕ್ಕೆ ಬಂದದ್ದು. ಆರೋಗ್ಯವಂತರೆನಿಸಿಕೊಂಡವರ ಎದೆಗೂ ಅದನ್ನು ಕಟ್ಟಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು. 1977ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹೃದ್ರೋಗದ ಸುಳಿವಿಲ್ಲದ 50 ಮಂದಿ ವೈದ್ಯಕೀಯ ವಿದ್ಯಾರ್ಥಿಗಳ ಪೈಕಿ 25 ಜನರಿಗೆ ಒಂದೇ ದಿನದಲ್ಲಿ ಹೃದಯದ ಕೆಳಕೋಣೆಗಳಿಂದ ಹೊರಟ ಅಕಾಲದ ಬಡಿತಗಳು ಕಂಡವು. ಎಂದರೆ, ರಾಯರೊಡನೆ ಬಸ್ಸಿಗೆ ಕಾಯುವ ಸಾಲಿನಲ್ಲಿಯೂ ಇವು ಇರುವವರು ಹಲವರಿರಬೇಕು. ಅವರು ಎಣಿಸುವುದಿಲ್ಲ, ಅಷ್ಟೇ.

ಹಾಗಾದರೆ ಈ ಬಡಿತಗಳನ್ನು ಮದ್ದು ಕೊಟ್ಟು ಅಡಗಿಸಿಬಿಡಬಾರದೇಕೆ? ಒಮ್ಮೆ ಹೃದಯಾಘಾತವಾಗಿದ್ದ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ತಲ್ಲಣಗೊಳಿಸಿತು. ಮದ್ದು ಬಡಿತಗಳನ್ನೇನೋ ಅಡಗಿಸಿತ್ತು. ಆದರೆ ಅದನ್ನು ನುಂಗಿದವರಲ್ಲಿ 63 ಜನ ತೀರಿಕೊಂಡರೆ, ಸರಿಸುಮಾರು ಅಷ್ಟೇ ಮಂದಿಯ ಇನ್ನೊಂದು ಗುಂಪಿನಲ್ಲಿ, ಹುಸಿಮಾತ್ರೆ ನುಂಗಿದವರಲ್ಲಿ, ಸತ್ತವರು 26. ಆದಕಾರಣ ರಾಯರಂಥವರಿಗೆ ವೈದ್ಯರು ಔಷಧ ಬರೆಯದಿದ್ದರೆ ಅದು ಅಲಕ್ಷ್ಯವಲ್ಲ.

ಮೈಸೂರಿನವರಿಗೆ ಇದಕ್ಕಿಂತ ದೊಡ್ಡ ಚಿಂತೆ ಕಾಫಿಯದು. ರಾಯರಂತೂ ಮೊದಲ ದಿನವೇ ಲೋಟವನ್ನು ದೂರ ಸರಿಸಿದ್ದರು. 2023ರಲ್ಲಿ ಪ್ರಕಟವಾದ, ನೂರು ಜನರ ಮೇಲೆ ನಡೆದ ಪರೀಕ್ಷೆಯೊಂದು ಇಲ್ಲಿ ಸ್ವಲ್ಪ ಬೆಳಕು ಕೊಡುತ್ತದೆ. ಕಾಫಿ ಕುಡಿದ ದಿನಗಳಲ್ಲಿ ಮೇಲ್ಕೋಣೆಗಳ ಅಕಾಲದ ಬಡಿತಗಳು ಗಣನೀಯವಾಗಿ ಹೆಚ್ಚಲಿಲ್ಲ; ಕೆಳಕೋಣೆಗಳವು ಮಾತ್ರ ದಿನಕ್ಕೆ ಸರಾಸರಿ 102ರಿಂದ 154ಕ್ಕೆ ಏರಿದವು. ಅದೇ ದಿನಗಳಲ್ಲಿ ಅವರು ಸುಮಾರು ಸಾವಿರ ಹೆಜ್ಜೆ ಹೆಚ್ಚು ನಡೆದರು, ಅರ್ಧ ಗಂಟೆಗೂ ಮಿಕ್ಕು ಕಡಿಮೆ ನಿದ್ರಿಸಿದರು. ತನಗೆ ಕಾಫಿಯಿಂದ ಹೆಚ್ಚಾಗುವುದೆಂದು ಕಂಡವನು ಸಂಜೆಯದನ್ನು ಬಿಡಲಿ. ಬೆಳಗಿನ ಲೋಟಕ್ಕೆ ಎಲ್ಲರೂ ಎಳ್ಳುನೀರು ಬಿಡಬೇಕಾಗಿಲ್ಲ. ನಿದ್ದೆಗೇಡು, ಮದ್ಯ, ತಂಬಾಕು, ಜ್ವರ ಇವೂ ಎದೆಯನ್ನು ಕೆಣಕುವಂಥವೇ.

ಆದರೆ ಎಲ್ಲಕ್ಕಿಂತ ಹೆಚ್ಚು ಕೆಣಕುವುದು ಅಂಜಿಕೆ. ಎದೆಗುಂದುವುದು, ಎದೆಯೊಡೆಯುವುದು, ಎದೆ ಧಸಕ್ಕೆನ್ನುವುದು: ಭಯಕ್ಕೆ ಕನ್ನಡಿಗರು ಮನೆಮಾಡಿಕೊಟ್ಟಿರುವುದೇ ಎದೆಯಲ್ಲಿ. ಒಂದು ಬಡಿತ ಹೊರಳುತ್ತದೆ; ಭಯವಾಗುತ್ತದೆ; ಭಯದಿಂದ ಅಡ್ರಿನಲಿನ್ ಸುರಿಯುತ್ತದೆ; ಅದರ ಬಿರುಸಿಗೆ ಇನ್ನೆರಡು ಬಡಿತ ಹೊರಳುತ್ತವೆ. ಕಾವಲು ಕುಳಿತವನಿಗೆ ಇಲಿಯ ಸದ್ದೂ ಕಳ್ಳನ ಹೆಜ್ಜೆಯೇ. ಆರು ತಿಂಗಳಲ್ಲಿ ರಾಯರು ಮೆಟ್ಟಿಲು ಹತ್ತುವುದನ್ನು ಬಿಟ್ಟರು, ಊರಿಗೆ ಹೋಗುವುದನ್ನು ಬಿಟ್ಟರು, ನಾದಿನಿಯ ಮದುವೆಯಲ್ಲಿ ಬಾಗಿಲ ಬಳಿಯ ಕುರ್ಚಿಯನ್ನೇ ಆರಿಸಿ ಕುಳಿತರು. ಬಡಿತದಿಂದ ಅವರಿಗೆ ಆದ ನಷ್ಟ ಏನೂ ಇರಲಿಲ್ಲ. ಅದನ್ನು ಕಾಯುವುದರಿಂದ ಆದದ್ದು ಇಷ್ಟು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಪರೀಕ್ಷೆಯಾಗದೆ ಯಾರೂ ತಮ್ಮ ಎದೆಯನ್ನು ತಾವೇ ನಿರಪಾಯವೆಂದು ತೀರ್ಮಾನಿಸಬಾರದು. ಬಡಿತದೊಡನೆ ಕಣ್ಣು ಕತ್ತಲೆಗೂಡಿದರೆ, ಎಚ್ಚರ ತಪ್ಪಿದರೆ, ಎದೆನೋವೋ ಉಬ್ಬಸವೋ ಬಂದರೆ, ಶ್ರಮಪಟ್ಟಾಗಲೇ ಹೆಚ್ಚಿದರೆ, ವಂಶದಲ್ಲಿ ಎಳೆಯ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ದಿನದ ಬಡಿತಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೆಳಕೋಣೆಗಳ ಅಕಾಲದ ಬಡಿತಗಳೇ ಆದರೆ ಕಾಲಕ್ರಮದಲ್ಲಿ ಹೃದಯ ಸೋಲುವ ಸಂಭವವುಂಟು. ಅದಕ್ಕೆ ಚಿಕಿತ್ಸೆಯೂ ಉಂಟು. ರಾಯರ ಲೆಕ್ಕದಲ್ಲಿ ಇದ್ದದ್ದು ಲಕ್ಷಕ್ಕೆ ಮುನ್ನೂರು.

ಈ ಮುನ್ನೂರರ ಕಥೆಯನ್ನು ಎರಡನೆಯ ಭೇಟಿಯಲ್ಲಿ ವೈದ್ಯರು ಕಾಗದದ ಮೇಲೆ ಗೆರೆ ಎಳೆದು, ಮುಂಚೆ ಬಂದ ಬಡಿತವನ್ನೂ ಅದರ ವಿರಾಮವನ್ನೂ ತೋರಿಸಿ ವಿವರಿಸಿದರು. ಮೊದಲ ಭೇಟಿಯಲ್ಲಿಯೇ ಹತ್ತು ನಿಮಿಷ ಇದಕ್ಕೆ ಸಂದಿದ್ದರೆ ಆರು ತಿಂಗಳು ಉಳಿಯುತ್ತಿತ್ತು. “ಮೆಟ್ಟಿಲು ಹತ್ತಬಹುದೇ?” ಎಂದರು ರಾಯರು. “ಹತ್ತದೆ ಇದ್ದದ್ದೇಕೆ?” ಎಂದರು ವೈದ್ಯರು.

ಮುಂದಿನ ಭಾನುವಾರ ಮಗ ಎಬ್ಬಿಸಿದ. ನಂದಿಯ ತನಕ ಹತ್ತಿ, ಕಲ್ಲಿನ ಮೇಲೆ ಕುಳಿತು, ರಾಯರು ಅಭ್ಯಾಸಬಲದಿಂದ ಮಣಿಕಟ್ಟಿಗೆ ಬೆರಳಿಟ್ಟರು. ನಾಡಿ ಬಿರುಸಾಗಿ, ಒಂದೂ ತಪ್ಪದೆ ಓಡುತ್ತಿತ್ತು. ವೈದ್ಯರು ಹೇಳಿದ್ದಂತೆ, ಬಡಿತ ಏರಿದಾಗ ಅಕಾಲದವು ಅಡಗಿದ್ದವು. ರಾತ್ರಿ ಮಲಗಿದಾಗ ಮತ್ತೆ ಬಂದವು.

“ಬಂತೇನು?” ಎಂದು ಕತ್ತಲಲ್ಲಿ ಹೆಂಡತಿ ಕೇಳಿದರು.

“ಬಂತು, ಎರಡು ಸಲ. ಬೆಳಿಗ್ಗೆ ನನಗೂ ಒಂದು ಲೋಟ ಕಾಫಿ ಇಡು” ಎಂದು ರಾಯರು ಬಲಮಗ್ಗುಲಿಗೆ ತಿರುಗಿದರು.