ಕ್ಯಾಲೊರಿಯೋ ಜೂಲೋ?

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಒಂದು ಕ್ಯಾಲೊರಿ. ವ್ಯಾಖ್ಯೆ ಸರಳವಾಗಿ ಕಾಣುತ್ತದೆ. ಆದರೆ ನೀರು ಮೊದಲು ಎಷ್ಟು ಬೆಚ್ಚಗಿತ್ತೆಂಬುದನ್ನು ಅನುಸರಿಸಿ ಈ ಶಾಖದ ಪ್ರಮಾಣ ತುಸು ವ್ಯತ್ಯಾಸವಾಗುತ್ತದೆ. ಆದುದರಿಂದಲೇ ವಿಜ್ಞಾನಿಗಳ ನಡುವೆ ಹಲವು ಬಗೆಯ ಕ್ಯಾಲೊರಿಗಳು ಬಳಕೆಗೆ ಬಂದವು. ಅಳತೆಗೋಲೇ ಅಲುಗಾಡಿದರೆ ಅಳೆದುದನ್ನು ನಂಬುವುದೆಂತು?

ಇದಕ್ಕಿಂತ ಮಿಗಿಲಾದ ಕೊರತೆಯೊಂದಿದೆ. ಶಾಖವು ತೂಕವಿಲ್ಲದ ದ್ರವವೆಂದು ಹಿಂದೆ ಅನೇಕ ವಿದ್ವಾಂಸರು ನಂಬಿದ್ದರು; ಆಗ ಅದಕ್ಕೆ ಪ್ರತ್ಯೇಕ ಮಾನವಿದ್ದುದು ಸಹಜ. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್, ಮದ್ಯ ತಯಾರಕನೊಬ್ಬನ ಮಗ, ಕೆಳಗಿಳಿಯುವ ತೂಕದ ಗುಂಡುಗಳ ಬಲದಿಂದ ನೀರಿನೊಳಗೆ ಅಲಗುಗಳ ಚಕ್ರವನ್ನು ತಿರುಗಿಸಿದನು. ಬೆಂಕಿಯ ಸೋಂಕಿಲ್ಲದೆಯೇ ನೀರು ಬೆಚ್ಚಗಾಯಿತು! ಕೆಲಸವೇ ಶಾಖವಾಗುವುದೆಂದು ತಿಳಿದ ಮೇಲೆ ಎರಡಕ್ಕೂ ಬೇರೆ ಬೇರೆ ಮಾನಗಳೇಕೆ? 1948ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು ಜೂಲನ್ನೇ ಶಾಖದ ಮಾನವಾಗಿ ಅಂಗೀಕರಿಸಿತು. ಒಂದು ಕ್ಯಾಲೊರಿಗೆ ಸುಮಾರು 4.18 ಜೂಲ್.

ಆದರೂ ಆಹಾರದ ವಿಷಯದಲ್ಲಿ ಕ್ಯಾಲೊರಿ ಕದಲಿಲ್ಲ. ರೂಢಿಯ ಬಲ ಅಂಥದು. ಅಲ್ಲಿ ಜನರು ಕ್ಯಾಲೊರಿ ಎನ್ನುವುದಾದರೂ ವಾಸ್ತವವಾಗಿ ಅದರ ಸಾವಿರ ಪಟ್ಟಾದ ಕಿಲೊಕ್ಯಾಲೊರಿ. ಆಸ್ಟ್ರೇಲಿಯದಲ್ಲಿ ಆಹಾರದ ಪೊಟ್ಟಣಗಳ ಮೇಲೆ ಕಿಲೊಜೂಲ್ ಅಚ್ಚಾಗುತ್ತದೆ. ಭಾರತವೂ ಹೀಗೆಯೇ ಮಾಡುವುದು ಮೇಲು. 100 ಕಿಲೊಕ್ಯಾಲೊರಿಯ ಬಿಸ್ಕತ್ತಿನಲ್ಲಿ 418 ಕಿಲೊಜೂಲ್. ಮನೆಯ ವಿದ್ಯುತ್ ಮೀಟರಿನ ಒಂದು ಯೂನಿಟ್ಟಿನಲ್ಲಿ 3600 ಕಿಲೊಜೂಲ್. ಆಗ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಶಾಲೆಯ ಮಕ್ಕಳಿಗೂ ಸಾಧ್ಯ.