ಕೌನ್ಸೆಲಿಂಗ್‌ನ ಮೊದಲ ದಿನ



ಕಳೆದ ವರ್ಷದ ಯುಗಾದಿ ಊಟದಲ್ಲಿ "ಹೇಗಿದ್ದೀರಿ?" ಎಂದವರಿಗೆಲ್ಲ "ಆರಾಮ್" ಎಂದೆ. ಅದು ಸುಳ್ಳು. ಆಫೀಸಿನಲ್ಲಿ ಲೇಆಫ್ ನಡೆಯುತ್ತಿತ್ತು. ಕೆಲಸ ಹೋದರೆ ಹೆಚ್-1ಬಿಯವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ರಾತ್ರಿ ಮೂರಕ್ಕೆ ಎದ್ದು ಅದನ್ನೇ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ನನ್ನಾಕೆಯ ಒತ್ತಾಯಕ್ಕೆ ಕೌನ್ಸೆಲರ್ ಹತ್ತಿರ ಹೋದೆ.

ಹೋಗುವ ಮುಂಚೆ ಎರಡು ಭಯ. ಒಂದು, ಹುಚ್ಚ ಎನ್ನುತ್ತಾರೇನೋ. ಇನ್ನೊಂದು, ಆಫೀಸಿಗೆ ಗೊತ್ತಾಗುತ್ತದೇನೋ. ಎರಡೂ ಆಗಲಿಲ್ಲ. ಮೊದಲು ಫಾರಂ ತುಂಬಿಸಿದರು. ಅದರಲ್ಲಿ ಪಿಹೆಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯೂ ಇತ್ತು: ಕಳೆದ ಎರಡು ವಾರ ನಿದ್ದೆ, ಹಸಿವು, ಉತ್ಸಾಹ ಹೇಗಿತ್ತು ಎಂದು. ಕೊನೆಯದು ಸಾಯುವ ಯೋಚನೆ ಬಂದಿದೆಯೇ ಎಂದು ಕೇಳುತ್ತದೆ. ಗಾಬರಿ ಬೇಡ, ಎಲ್ಲರನ್ನೂ ಕೇಳುತ್ತಾರೆ. ಇದ್ದದ್ದು ಇದ್ದಂತೆ ಬರೆಯಿರಿ. ಆಮೇಲೆ ಗೋಪ್ಯತೆಯ ನಿಯಮ ವಿವರಿಸಿದರು. ಯಾರದಾದರೂ ಪ್ರಾಣಕ್ಕೆ ಅಪಾಯ, ಮಕ್ಕಳ ಮೇಲೆ ದೌರ್ಜನ್ಯ ಮುಂತಾದ ಕೆಲವೇ ಸಂದರ್ಭ ಬಿಟ್ಟರೆ ಮಾತು ಹೊರಗೆ ಹೋಗುವುದಿಲ್ಲ.

ಉಳಿದ ಸುಮಾರು 50 ನಿಮಿಷ ಅವರು ಕೇಳಿದರು, ನಾನು ಹೇಳಿದೆ. ಒಂದು ಕಡೆ "ಸಂಕಟ" ಎನ್ನುವುದಕ್ಕೆ ಇಂಗ್ಲಿಷ್ ಸಿಗದೆ ಕನ್ನಡದಲ್ಲೇ ಅಂದೆ. ಆಕೆ ಅದನ್ನೇ ಬರೆದುಕೊಂಡು "ಅದು ಮೈಯಲ್ಲಿ ಎಲ್ಲಿ ಆಗುತ್ತದೆ?" ಎಂದರು. ಎದೆ ಮುಟ್ಟಿ ತೋರಿಸುವಾಗ ಕಣ್ಣು ತುಂಬಿತು.

ಆದರೆ ಪರಿಹಾರ? ಒಂದೂ ಸಿಗಲಿಲ್ಲ! "ಇಷ್ಟಕ್ಕೆ ಬಂದೆನೇ?" ಎಂದು ಸಿಡುಕುತ್ತ ಮನೆಗೆ ಬಂದೆ. ನಾವು ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ. ಹಿರಿಯರಂತೆ ಬುದ್ಧಿ ಹೇಳಲಿ, ಡಾಕ್ಟರಂತೆ ಮಾತ್ರೆ ಬರೆಯಲಿ ಎಂದು ಕಾಯುತ್ತೇವೆ. ಲಾಗ್ ನೋಡದೆ ಬಗ್ ಸರಿಮಾಡಲು ಆಗುತ್ತದೆಯೇ? ಮೊದಲ ದಿನ ಇರುವುದು ಲಾಗ್ ಓದುವುದಕ್ಕೆ. ನನಗೆ ನಿದ್ದೆ ಮರಳಿದ್ದು ನಾಲ್ಕನೇ ಭೇಟಿಯ ನಂತರ.

ಹಾಗಾಗಿ ಒಂದೇ ಭೇಟಿಗೆ ತೀರ್ಪು ಕೊಡಬೇಡಿ. ಎರಡು ಮೂರು ಸಲ ಹೋಗಿ. ಆಗಲೂ ಹೊಂದದಿದ್ದರೆ ಕೌನ್ಸೆಲರನ್ನು ಬದಲಿಸಿ, ಅದು ಮರ್ಯಾದೆಗೇಡಲ್ಲ. ಬಹಳಷ್ಟು ಕಂಪನಿಗಳ ಇಎಪಿ ಸೌಲಭ್ಯದಲ್ಲಿ ಮೊದಲ ಕೆಲವು ಭೇಟಿ ಉಚಿತ. ತೀರಾ ತಡೆಯಲಾಗದಿದ್ದರೆ ಅಮೆರಿಕದಲ್ಲಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಯುಗಾದಿಗೆ "ಹೇಗಿದ್ದೀರಿ?" ಎಂದು ಕೇಳಿದರೆ, ಉತ್ತರಕ್ಕೂ ಸ್ವಲ್ಪ ಹೊತ್ತು ನಿಲ್ಲೋಣ.

ಇಂತಿ,
ನಿಮ್ಮಲ್ಲೊಬ್ಬ