ಏಟು ಬಿದ್ದ ಮೇಲೆ ಏನು? ರೋಲ್‌ಪ್ಲೇಯಿಂಗ್ ಆಟಗಳ ಐವತ್ತು ವರ್ಷ

1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಮೂರು ತೆಳು ಪುಸ್ತಿಕೆಗಳ ಒಂದು ಪೆಟ್ಟಿಗೆ ಮಾರಾಟಕ್ಕೆ ಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೊದಲ ಮುದ್ರಣ ಸಾವಿರ ಪ್ರತಿ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ನಡೆಸುವ ಆಟಗಳ ಪರಂಪರೆ ಶುರುವಾದದ್ದು ಅಲ್ಲಿಂದ. ಐವತ್ತು ವರ್ಷ ತುಂಬಿದ 2024ರಲ್ಲಿ ಅದರ ನಿಯಮಗಳು ಮತ್ತೊಮ್ಮೆ ಪರಿಷ್ಕರಣೆಗೊಂಡವು. ಆದರೆ ಅಷ್ಟು ಕಾಲವೂ ಇತ್ಯರ್ಥವಾಗದೆ ಉಳಿದ ವ್ಯಾಜ್ಯ ಒಂದಿದೆ: ಕತ್ತಿಯೇಟು ಬಿದ್ದವನಿಗೆ ಏನಾಗಬೇಕು? ವಾಸ್ತವದಲ್ಲಿ ಆಗುವುದೇ, ವೀರಗಾಥೆಯಲ್ಲಿ ಆಗುವುದೇ?

ವ್ಯಾಜ್ಯದ ಬೇರು, ಪಾತ್ರ ಎಷ್ಟು ಪೆಟ್ಟು ತಾಳಬಲ್ಲದೆಂದು ಹೇಳುವ ‘ಹಿಟ್ ಪಾಯಿಂಟ್’ ಎಂಬ ಅಂಕೆಯಲ್ಲಿದೆ. ಹಿಂದಿನ ‘ಚೈನ್‌ಮೇಲ್’ (1971) ಎಂಬ ಯುದ್ಧದಾಟದಲ್ಲಿ ಸಾಮಾನ್ಯ ಸೈನಿಕ ಒಂದೇ ಏಟಿಗೆ ಸಾಯುತ್ತಿದ್ದ. ಗೊಂಬೆ ಸೈನಿಕರ ದಂಡು ನಡೆಸುವವರಿಗೆ ಅದು ಒಪ್ಪುತ್ತದೆ. ಹೆಸರಿಟ್ಟು ಬೆಳೆಸಿದ ಪಾತ್ರ ಹಾಗೆ ಸತ್ತರೆ ಯಾರಿಗೂ ಹಿಡಿಸದು. ಹಡಗು ಕಾಳಗದ ಆಟಗಳಲ್ಲಿ ಹಡಗು ಹಲವು ಗುಂಡು ತಿಂದ ಮೇಲೆ ಮುಳುಗುತ್ತಿತ್ತು. ಆರ್ನೆಸನ್ ಆ ಲೆಕ್ಕವನ್ನೇ ಮನುಷ್ಯನಿಗೂ ತಂದರು. ಹಾಗೆಂದು ಆ ಮೊದಲ ಆಟವೇನೂ ವೀರರಸದಲ್ಲಿ ತೇಲುತ್ತಿರಲಿಲ್ಲ. ಮೊದಲ ಹಂತದ ಯೋಧನಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಹೆಚ್ಚೆಂದರೆ ಏಳು ಅಂಕ. ಒಂದು ಏಟಿಗೆ ಆರರವರೆಗೂ ಹೋಗಬಹುದಿತ್ತು. ಎರಡನೆಯ ಏಟು ದಾಟಿದರೆ ಪುಣ್ಯ. ವೀರನೆನಿಸಿಕೊಳ್ಳಲು ಮೊದಲು ಬದುಕಿ ಉಳಿಯಬೇಕಿತ್ತು.

ಆ ಅಂಕೆ ಬರಬರುತ್ತ ಉಬ್ಬಿತು. 2014ರ ಐದನೆಯ ಆವೃತ್ತಿಯ ಇಪ್ಪತ್ತನೆಯ ಹಂತದ, ಗಟ್ಟಿ ಮೈಕಟ್ಟಿನ ಯೋಧನೊಬ್ಬನಿಗೆ 184 ಅಂಕ ಇರಬಹುದು. ಎತ್ತರದಿಂದ ಬಿದ್ದರೆ, ಹತ್ತು ಅಡಿಗೆ ಒಂದು ದಾಳದಂತೆ, ಹೆಚ್ಚೆಂದರೆ ಇಪ್ಪತ್ತು ದಾಳದ ಪೆಟ್ಟು. ಎಲ್ಲದರಲ್ಲೂ ಆರೇ ಬಿದ್ದರೂ 120. ಅಂದರೆ ಈತ ಯಾವ ಬೆಟ್ಟದ ತುದಿಯಿಂದ ಹಾರಿದರೂ ಮೈ ಕೊಡವಿ ಎದ್ದು ನಡೆಯುತ್ತಾನೆ. ಒಂದು ರಾತ್ರಿ ಮಲಗಿದರೆ ಗಾಯದ ಗುರುತೂ ಇಲ್ಲ.

ಇಂಥ ಗೇಲಿ ಗೈಗ್ಯಾಕ್ಸ್‌ಗೆ ಹೊಸದಾಗಿರಲಿಲ್ಲ. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲೇ ಅವರು ಉತ್ತರ ಕೊಟ್ಟಿದ್ದರು: ಈ ಅಂಕ ಬರೀ ರಕ್ತಮಾಂಸದ ಲೆಕ್ಕವಲ್ಲ, ಚಳಕ, ಅದೃಷ್ಟ, ದೈವಕೃಪೆ ಎಲ್ಲ ಅದರಲ್ಲಿ ಸೇರಿವೆ. ಅದೇ ವರ್ಷ ಕನ್ನಡದಲ್ಲಿ ಭೈರಪ್ಪನವರ ‘ಪರ್ವ’ ಬಂದು, ಕುರುಕ್ಷೇತ್ರದಿಂದ ಪವಾಡಗಳನ್ನು ತೆಗೆದುಹಾಕಿ, ಹೆಣದ ನಾತವನ್ನೂ ದಂಡಿನ ಅನ್ನದ ಚಿಂತೆಯನ್ನೂ ಮುಂದಿಟ್ಟಿತ್ತು. ಕುಮಾರವ್ಯಾಸನ ಯುದ್ಧವನ್ನೂ ಭೈರಪ್ಪನವರ ಯುದ್ಧವನ್ನೂ ಓದಿದವರಿಗೆ ವಾಸ್ತವ, ವೀರಗಾಥೆ ಎಂಬ ಈ ಎರಡು ಪಕ್ಷಗಳ ಹಟ ಅರ್ಥವಾಗುವುದು ಕಷ್ಟವಲ್ಲ.

ವಾಸ್ತವ ಪಕ್ಷ ಅಷ್ಟರಲ್ಲಾಗಲೇ ಎದ್ದು ನಿಂತಿತ್ತು. 1977ರ ‘ಶಿವಲ್ರಿ ಅಂಡ್ ಸಾರ್ಸರಿ’ ಊಳಿಗಮಾನ್ಯ ಸಮಾಜವನ್ನೇ ನಿಯಮಕ್ಕಿಳಿಸಲು ಹೊರಟಿತು. 1978ರ ‘ರೂನ್‌ಕ್ವೆಸ್ಟ್’ ಬರೆದವರಲ್ಲಿ ಮುಖ್ಯರಾದ ಸ್ಟೀವ್ ಪೆರಿನ್, ಮಧ್ಯಯುಗದ ಕಾಳಗವನ್ನು ಬೆತ್ತದ ಕತ್ತಿ ಹಿಡಿದು ಆಡುವ ಸಂಘದಲ್ಲಿದ್ದವರು. ಅವರ ಆಟದಲ್ಲಿ ಕೈ, ಕಾಲು, ತಲೆಗೆ ಬೇರೆಬೇರೆ ಅಂಕ. ಕವಚ ಏಟನ್ನು ತಪ್ಪಿಸುವುದಿಲ್ಲ, ತಗ್ಗಿಸುತ್ತದೆ. ಪಳಗಿದ ಯೋಧನೂ ಯಾವನೋ ದಾರಿಗಳ್ಳನ ಈಟಿಗೆ ಸಾಯಬಹುದು. 1986ರ ‘ಹಾರ್ನ್‌ಮಾಸ್ಟರ್’ನಲ್ಲಿ ಗೆದ್ದು ಬಂದವನ ಗಾಯವೂ ಕೀವಾಗಬಹುದು. ಅದೇ ವರ್ಷದ ‘ಫೀನಿಕ್ಸ್ ಕಮಾಂಡ್’ ಗುಂಡೊಂದು ಮೈಯ ಯಾವ ಭಾಗಕ್ಕೆ, ಎಷ್ಟು ಆಳಕ್ಕೆ ಹೋಯಿತೆಂದು ಕೋಷ್ಟಕದ ಮೇಲೆ ಕೋಷ್ಟಕ ತೆರೆಸಿತು.

ಇವೆಲ್ಲದರಿಂದ ಉಳಿದದ್ದೇನು? ನಮ್ಮ ಪ್ರಕಾರ ಜಗಳದ ವಿಷಯವನ್ನೇ ಎರಡೂ ಪಕ್ಷಗಳು ತಪ್ಪಾಗಿ ಗುರುತಿಸಿಕೊಂಡಿದ್ದವು. ಗಾಯದ ನಿಯಮ ನಿಜಕ್ಕೆ ಎಷ್ಟು ಹತ್ತಿರ ಎಂಬುದಕ್ಕಿಂತ, ಆಟಗಾರ ಯಾವಾಗ ಯೋಚಿಸುವಂತೆ ಮಾಡುತ್ತದೆ ಎಂಬುದೇ ಮುಖ್ಯ. ‘ರೂನ್‌ಕ್ವೆಸ್ಟ್’ ಆಡುವವನು ಕತ್ತಿ ಹಿರಿಯುವ ಮೊದಲೇ ಯೋಚಿಸುತ್ತಾನೆ: ಮಾತಾಡೋಣವೇ, ಲಂಚ ಕೊಡೋಣವೇ, ಹೊಂಚು ಹಾಕೋಣವೇ? ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವವನು ಕಾಳಗದ ನಡುವೆ ಯೋಚಿಸುತ್ತಾನೆ: ಎಂಟೇ ಅಂಕ ಉಳಿದಿವೆ, ನಿಲ್ಲಲೇ, ಓಡಲೇ? ಅತಿ ಹೆಚ್ಚು ನಗೆಗೀಡಾದ ಹಿಟ್ ಪಾಯಿಂಟ್ ಇಂದಿಗೂ ಬದುಕಿರುವುದು ಅದು ಕೊಡುವ ಈ ಮುನ್ಸೂಚನೆಯಿಂದ. ಯೋಚನೆಗೆ ಎಡೆ ಕೊಡದೆ ಲೆಕ್ಕವನ್ನಷ್ಟೇ ಹೆಚ್ಚಿಸಿದ ಕೋಷ್ಟಕಗಳು, ಎಷ್ಟೇ ನಿಖರವಾಗಿದ್ದರೂ, ಮೂಲೆ ಸೇರಿದವು.

ಸೂಕ್ಷ್ಮವಾಗಿ ನೋಡಿದರೆ ಎದುರಾಳಿಗಳು ಒಬ್ಬರಿಂದೊಬ್ಬರು ಸಾಲ ಪಡೆದದ್ದೇ ಹೆಚ್ಚು. ಕೊಳಕು, ರೋಗ, ಮುರಿದ ಮೂಳೆಗಳ ‘ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ’ (1986) ಪಾತ್ರವನ್ನು ಸಾವಿನಿಂದ ಪಾರುಮಾಡಲು ‘ಫೇಟ್ ಪಾಯಿಂಟ್’ ಇಟ್ಟುಕೊಂಡಿತು. ಯುರೋಪಿನ ಚಾರಿತ್ರಿಕ ಕತ್ತಿವರಸೆ ಕಲಿತವರು ಬರೆದ ‘ದಿ ರಿಡಲ್ ಆಫ್ ಸ್ಟೀಲ್’ (2002) ಒಂದೇ ಏಟಿಗೆ ಕೊಲ್ಲಬಲ್ಲದು. ಆದರೆ ತಾನು ನಂಬಿದ ಗುರಿಗಾಗಿ ಹೋರಾಡುವವನಿಗೆ ಹೆಚ್ಚುವರಿ ದಾಳ ಕೊಡುವುದೂ ಅದೇ. ಇತ್ತ ವೀರಗಾಥೆಯ ಕಡೆಗೆ ಪೂರ್ತಿ ವಾಲಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2008ರ ನಾಲ್ಕನೆಯ ಆವೃತ್ತಿಗೆ ಬೇಸತ್ತ ಹಲವರು ಹಳೆಯ ಬಗೆಯ ಆಟಗಳತ್ತ ಹೊರಳಿದರು. ಆ ಒಲವಿನ ಫಲವಾದ ‘ಶ್ಯಾಡೋಡಾರ್ಕ್’ (2023) ಪಂಜಿನ ಬೆಳಕನ್ನು ಗಡಿಯಾರದ ನಿಜವಾದ ಒಂದು ಗಂಟೆಗೆ ಕಟ್ಟಿಹಾಕಿತು. ಗಾಯದ ವಿವರ ಒಂದೂ ಇಲ್ಲದೆ ಕತ್ತಲೆಯ ಭಯವನ್ನು ಮೇಜಿಗೆ ತಂದ ನಿಯಮ ಅದು.

ತಕರಾರು ಉಳಿದಿರುವುದು ಎರಡು ದೋಣಿಯಲ್ಲಿ ಕಾಲಿಟ್ಟ ನಿಯಮಗಳ ಬಗ್ಗೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೆಯ ಆವೃತ್ತಿ ಬುತ್ತಿಯ ತೂಕವನ್ನು ಪೌಂಡಿನಲ್ಲಿ ಅಚ್ಚು ಹಾಕುತ್ತದೆ. ಆದರೆ ಮೊದಲ ಹಂತದ ‘ಗುಡ್‌ಬೆರಿ’ ಮಂತ್ರವೊಂದೇ ಹತ್ತು ಜನರ ಒಂದು ದಿನದ ಹಸಿವು ನೀಗಿಸುತ್ತದೆ. ಹಸಿವು ಆಟದಲ್ಲಿ ಬೇಕಿದ್ದರೆ ಮಂತ್ರ ಹೋಗಲಿ, ಬೇಡವಾಗಿದ್ದರೆ ತೂಕದ ಪಟ್ಟಿ ಹೋಗಲಿ. ಮುಂದಿನ ನಿಯಮಪುಸ್ತಕ ಯಾವ ಪಕ್ಷದ್ದೇ ಆಗಲಿ, ತನ್ನ ಲೋಕದಲ್ಲಿ ಯಾವುದಕ್ಕೆ ಹೆದರಬೇಕೆಂದು ಮೊದಲ ಪುಟದಲ್ಲೇ ಹೇಳಿ, ಆ ಮಾತಿಗೆ ಕೊನೆಯ ಪುಟದವರೆಗೂ ಬದ್ಧವಾಗಿರಬೇಕು. ಹಾಗಾದಾಗ ಬೆಟ್ಟದಿಂದ ಹಾರಿ ಬದುಕುವ ಯೋಧನೂ ನಂಬಲರ್ಹನಾಗುತ್ತಾನೆ.